ಡೆಲಿತ್ ಮನೆಗೆ ಬಂದ ಬುಧವಾರ

ಹಾರ್ಲೆಕ್
೧೨ ಏಪ್ರಿಲ್ ೨೦೨೩

ಮುದ್ದಿನ ಮಗಳೇ ಹೆಲೆಡ್,

ಫೋನ್ ಮಾಡಿದರೆ ನೀನು ತೆಗೆಯುತ್ತಿಲ್ಲ, ಅದಕ್ಕೇ ಈ ಕಾಗದ. ಅಪ್ಪನನ್ನು ಮಣ್ಣು ಮಾಡಿದ ದಿನ ಚಾಪೆಲ್ಲಿನ ಬಾಗಿಲಲ್ಲಿ ನೀನು ಆಡಿದ್ದು ಒಂದೇ ಮಾತು: "ನೀವಿಬ್ರೂ ಸೇರ್ಕೊಂಡು ಅಪ್ಪನ್ನ ಆಫ್ ಮಾಡಿಬಿಟ್ರಿ." ಡೆಲಿತ್ ನನ್ನ ಪಕ್ಕದಲ್ಲೇ ನಿಂತಿದ್ದಳು. ನೀನು ಅಬರ್ಡೀನಿನ ರೈಲು ಹತ್ತಿಬಿಟ್ಟೆ. ಈಗ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದಿದ ಮೇಲೂ ಸಿಟ್ಟು ಉಳಿದರೆ ಉಳಿಯಲಿ.

ಡೆಲಿತ್ ಎದೆಬಡಿತದ ತಾಳ ತಪ್ಪಿದವರನ್ನಷ್ಟೇ ನೋಡಿಕೊಳ್ಳುವ ನರ್ಸು. ಏಳು ವರ್ಷದ ಹಿಂದೆ ನಿಮ್ಮಪ್ಪ ಬಸ್ ಡಿಪೋದಲ್ಲಿ ಕುಸಿದು ಬಿದ್ದು, ಎದೆಯ ಚರ್ಮದಡಿ ಆ ಡಬ್ಬಿ ಕೂರಿಸಿಕೊಂಡು ಬಂದರಲ್ಲ, ಆಗಿನಿಂದ ಪರಿಚಯ. ಡಾಕ್ಟರನ್ನು ನಾವು ನೋಡುತ್ತಿದ್ದದ್ದು ವರ್ಷಕ್ಕೊಮ್ಮೆ, ಮಿಕ್ಕದ್ದಕ್ಕೆಲ್ಲ ಅವಳೇ. ಬಡಿತ ಕೆಟ್ಟು ಓಡತೊಡಗಿದರೆ ಡಬ್ಬಿ ಒಳಗಿನಿಂದ ಶಾಕ್ ಹೊಡೆದು ಸರಿಮಾಡುತ್ತದೆ ಎಂದು ನಮ್ಮನ್ನು ಕೂರಿಸಿಕೊಂಡು ತಿಳಿಸಿದವಳು ಅವಳು. ಇನ್ನು ಮೇಲೆ ಬಸ್ ಓಡಿಸುವಂತಿಲ್ಲ ಎಂದವಳೂ ಅವಳೇ. ಇಪ್ಪತ್ತೆಂಟು ವರ್ಷ ಡ್ರೈವರ್ ಆಗಿದ್ದ ಮನುಷ್ಯ ಮೂರು ತಿಂಗಳು ಅವಳೊಂದಿಗೆ ಮಾತು ಬಿಟ್ಟರು. ಆಮೇಲೆ ಬಸ್ ಕಳ್ಳಿ ಎಂದು ಹೆಸರಿಟ್ಟರು. ಕೊನೆಕೊನೆಗೆ ಅವಳು ಫೋನ್ ಮಾಡಿದರೂ "ಬಸ್ ಕಳ್ಳಿ ಮಾತಾಡ್ತಿದೀನಿ" ಎನ್ನುತ್ತಿದ್ದಳು.

ಆ ಡಬ್ಬಿ ಎರಡು ಸಲ ನಿಮ್ಮಪ್ಪನ ಜೀವ ಉಳಿಸಿತು. ಅದನ್ನು ನಾನು ಮರೆತಿಲ್ಲ.

ಆದರೆ ಕ್ಯಾನ್ಸರ್ ಬಂದ ಮೇಲೆ ಲೆಕ್ಕ ಬೇರೆಯಾಯಿತು. ಮಾರ್ಚ್ ಹದಿನಾಲ್ಕು, ಮಂಗಳವಾರ, ನಿಮ್ಮಪ್ಪ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಾಗ ಶಾಕ್ ಹೊಡೆಯಿತು. ಒಂದು ಗಂಟೆಯೊಳಗೆ ಮೂರು ಸಲ. ಮೂರನೆಯದಕ್ಕೆ ನಾನು ಕೈ ಹಿಡಿದುಕೊಂಡಿದ್ದೆ, ನನಗೂ ಜುಮ್ಮೆಂದಿತು. ಅವರಿಗೆ ಪೂರ್ತಿ ಎಚ್ಚರವಿತ್ತು. ಬಟ್ಟೆ ಒದ್ದೆಯಾಗಿತ್ತು. ಅದನ್ನು ನಿನಗೆ ಹೇಳಬಾರದು ಎಂದಿದ್ದರು. ಆಂಬುಲೆನ್ಸಿನವರು ಬಂದು ಔಷಧಿ ಕೊಟ್ಟು ಬಡಿತ ತಹಬಂದಿಗೆ ತಂದರು. ಆಸ್ಪತ್ರೆಗೆ ಮಾತ್ರ ಇವರು ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ಡೆಲಿತ್‌ಳನ್ನು ಕರೆಸು ಎಂದರು.

ಅವಳು ಹನ್ನೊಂದಕ್ಕೆ ಬಂದಳು, ಸೂಟ್‌ಕೇಸಿನಷ್ಟು ದೊಡ್ಡ ಯಂತ್ರ ಹೊತ್ತುಕೊಂಡು. ಟೀ ಬೇಡವೆಂದಳು. ನಿಮ್ಮಪ್ಪನ ಮುಖ ನೋಡುತ್ತಾ, ಇಬ್ಬರಿಗೂ ಕೇಳುವಂತೆ ನಿಧಾನವಾಗಿ ಹೇಳಿದಳು: "ಇದನ್ನ ಆಫ್ ಮಾಡಿದ್ರೆ ಎದೆ ನಿಲ್ಲಲ್ಲ, ಇಡ್ವಲ್. ಶಾಕ್ ಹೊಡೆಯೋದು ಮಾತ್ರ ನಿಲ್ಲುತ್ತೆ. ಮಾಡ್ದೆ ಇದ್ರೆ, ಕೊನೇ ಗಳಿಗೇಲೂ ಹೊಡೀಬಹುದು. ಯಾವುದು ರೋಗ, ಯಾವುದು ಸಾವು ಅಂತ ಅದಕ್ಕೆ ಗೊತ್ತಾಗಲ್ಲ." ಆಮೇಲೆ ನನಗೆ ಹೊರಗೆ ಹೋಗಿರಿ ಎಂದಳು. ಕಾಲು ಗಂಟೆ ನಾನು ಬಟ್ಟೆ ಒಣಹಾಕಿದೆ. ಒಳಗೆ ಬಂದಾಗ ನಿಮ್ಮಪ್ಪ ಅಂಗಿಯ ಗುಂಡಿ ಬಿಚ್ಚಿ ಕೂತಿದ್ದರು. ಡೆಲಿತ್ ಯಂತ್ರದ ವೈರಿಗೆ ಸೇರಿದ ಒಂದು ಬಿಲ್ಲೆಯನ್ನು ಎದೆಯ ಮೇಲಿಟ್ಟು ಯಂತ್ರದ ಗುಂಡಿ ಒತ್ತಿದಳು. ಎರಡು ನಿಮಿಷವೂ ಹಿಡಿಯಲಿಲ್ಲ.

"ಈಗಲಾದ್ರೂ ಬಸ್ ಓಡಿಸ್ಬಹುದೇನೇ, ಮಾರಾಯ್ತಿ?" ಎಂದರು.

"ಇಲ್ಲ."

ಮೂವರೂ ನಕ್ಕೆವು. ಅವಳು ಕಾರಿನಲ್ಲಿ ಕೂತ ಮೇಲೆ ಬಹಳ ಹೊತ್ತು ಹೊರಡಲಿಲ್ಲ; ಕಿಟಕಿಯಿಂದ ನೋಡಿದೆ.

ಆಫ್ ಮಾಡಿದ ಮೇಲೆ ಆ ಎದೆ ಎಂಟು ದಿನ ತಾನಾಗಿಯೇ ಬಡಿಯಿತು, ಹೆಲೆಡ್. ಗುರುವಾರ ಮಧ್ಯಾಹ್ನ ಮೂರೂವರೆಗೆ ನಿಂತಿತು. ಉಸಿರು ದೂರದೂರ ಆಗುತ್ತಾ ಹೋಯಿತು, ಅಷ್ಟೇ. ಮೈ ಅದುರಲಿಲ್ಲ. ಅವರ ಕೈ ನನ್ನ ಕೈಯಲ್ಲೇ ಇತ್ತು. ನೀನು ಸಿಟ್ಟಾಗಿರುವುದು ಅದಕ್ಕಾದರೆ, ನಾನು ಕ್ಷಮೆ ಕೇಳುವುದಿಲ್ಲ.

ಊಟ ಬಿಡಬೇಡ.

ನಿನ್ನ ಅಮ್ಮ,
ಮೆನ್ನಾ

ಮರೆತಿದ್ದಲ್ಲ, ಬಿಟ್ಟಿದ್ದು: ಮೇಲೆ ಒಂದು ಸುಳ್ಳಿದೆ. ಡೆಲಿತ್‌ಳನ್ನು ಕರೆಸಿದ್ದು ನಿಮ್ಮಪ್ಪ ಅಲ್ಲ, ನಾನು. ಫೆಬ್ರವರಿಯಲ್ಲೇ ಅವಳು ಆಫ್ ಮಾಡುವ ಮಾತು ಎತ್ತಿದ್ದಳು. ಆಗ ನಿಮ್ಮಪ್ಪ, "ಈಸ್ಟರ್‌ಗೆ ಹೆಲೆಡ್ ಬರ್ತಾಳೆ, ಅಲ್ಲೀವರೆಗೂ ಇರ್ಲಿ" ಎಂದಿದ್ದರು. ಆ ಮಂಗಳವಾರ ಆಂಬುಲೆನ್ಸಿನವರು ಹೋಗಿ ಅವರಿಗೆ ಜೊಂಪು ಹತ್ತಿದ ಮೇಲೆ ನಾನು ಹಿತ್ತಿಲಿಗೆ ಹೋಗಿ ಫೋನ್ ಮಾಡಿದೆ. ನನ್ನಿಂದ ನೋಡಲಾಗಲಿಲ್ಲ. "ನೀವು ಹೇಳಿದ್ರೆ ಮಾಡಲ್ಲ, ಮೆನ್ನಾ. ಅವರನ್ನೇ ಕೇಳ್ತೀನಿ" ಎಂದಳು. ನನ್ನನ್ನು ಹೊರಗೆ ಕಳಿಸಿದ್ದು ಅದಕ್ಕೇ. ಡಬ್ಬಿ ಹಾಗೇ ಇದ್ದಿದ್ದರೆ ಈಸ್ಟರ್‌ವರೆಗೆ ಇರುತ್ತಿದ್ದರೇ ಎಂದು ಆಮೇಲೆ ಕೇಳಿದೆ. ಗೊತ್ತಿಲ್ಲ ಎಂದಳು. ಆ ಕಾಲು ಗಂಟೆಯಲ್ಲಿ ನಿಮ್ಮಪ್ಪ ನಿನಗಾಗಿ ಏನೋ ಹೇಳಿದ್ದಾರಂತೆ. ನಿನಗಷ್ಟೇ ಹೇಳಬೇಕೆಂದು ಮಾತು ತೆಗೆದುಕೊಂಡಿದ್ದಾರಂತೆ, ಡೆಲಿತ್ ನನಗೂ ಹೇಳಲೊಲ್ಲಳು. ಅವಳ ನಂಬರ್ ಕಾಗದದ ಹಿಂಬದಿಯಲ್ಲಿದೆ.