ಕಾವಲುಗಾರರ ಮೇಲೊಂದು ದೂರು

ಮಾರ್ಚ್ 4, ಬೆಳಿಗ್ಗೆ 6
ತೂಕ 61.4. ನಿನ್ನೆಗಿಂತ ಮುಕ್ಕಾಲು ಕೆಜಿ ಹೆಚ್ಚು. ಪಾದ ಊದಿದೆ. ಫುಟ್‌ಪಾತ್ ಬಗ್ಗೆ ನಗರಸಭೆಗೆ ಏಳನೆಯ ಪತ್ರ ಅರ್ಧಕ್ಕೇ ನಿಂತಿದೆ.
ನಿನ್ನೆ ರಿಪೋರ್ಟ್ ಬಂತು — ಕತ್ತಿನ ರಕ್ತನಾಳದಿಂದ ತಂತಿ ಇಳಿಸಿ ತೆಗೆದ ಹೃದಯದ ಚೂರಿನದು. ಜನವರಿಯ ಜ್ವರದ ವೈರಸ್ ಈಗ ಇಲ್ಲವೇ ಇಲ್ಲವಂತೆ.
“ಕಳ್ಳ ಓಡಿಹೋಗಿ ಆಯ್ತು ಮೇಡಂ,” ಅಂದರು ಡಾಕ್ಟರಮ್ಮ. “ಕಾವಲಿಗೆ ಬಂದವರು ಈಗ ಮನೆಯವರನ್ನೇ ಬಡೀತಿದ್ದಾರೆ.”
ಗೋದಾಮಿನ ಗಲಾಟೆಯ ವರ್ಷ ಕಾವಲಿಗೆ ಬಂದ ಪೊಲೀಸರು ಊರವರ ಮೇಲೇ ಲಾಠಿ ಬೀಸಿದ್ದೂ ಹೀಗೇ. ಆಗ ಬರೆದ ಪತ್ರಕ್ಕೆ ಇನ್ನೂ ಉತ್ತರವಿಲ್ಲ.
ನನ್ನ ರೋಗನಿರೋಧಕ ಶಕ್ತಿಯೇ ನನ್ನ ಹೃದಯದ ಸ್ನಾಯುವನ್ನು ತಿನ್ನುತ್ತಿದೆ. ಅದನ್ನು ತಗ್ಗಿಸಲು ದಿನಕ್ಕೆ ಆರು ಮಾತ್ರೆ. ತಗ್ಗಿಸಲು!

ಮಾರ್ಚ್ 5
ಹಳೆಯ ಫೈಲ್ ತೆಗೆದೆ. ಹನ್ನೊಂದು ವರ್ಷದ ಹಿಂದಿನ ಪತ್ರಿಕೆಯ ತುಣುಕು — ಇದೇ ಮಾತ್ರೆಯಿಂದ ಮೂಳೆ ಸವೆದವರ ಗೋಳು. ಕೆಂಪು ಗೆರೆ ನಾನೇ ಎಳೆದದ್ದು. ಆರರಲ್ಲಿ ಮೂರೇ ನುಂಗುವೆ. ಡಾಕ್ಟರಮ್ಮನ ಮೇಲೆ ಆಸ್ಪತ್ರೆಯ ಮೇಲಧಿಕಾರಿಗೆ ದೂರಿನ ಕರಡು ಸಿದ್ಧ.

ಮಾರ್ಚ್ 19, ವಾರ್ಡ್
ಮೆಟ್ಟಿಲ ಮೇಲೆ ಬಿದ್ದೆನಂತೆ… ಹೃದಯದ ಪಂಪಿಂಗ್ ಶೇಕಡಾ ಮೂವತ್ತೈದರಿಂದ ಇಪ್ಪತ್ತೆರಡಕ್ಕೆ. ಗಟ್ಟಿ ಇರುವವರಿಗೆ ಅರವತ್ತರ ಹತ್ತಿರವಂತೆ. ಔಷಧ ನಾಟುತ್ತಿಲ್ಲ, ಇನ್ನೂ ಕಟುವಾದದ್ದು ಶುರುಮಾಡಬೇಕು ಅಂತ ಡಾಕ್ಟರಮ್ಮನ ಯೋಚನೆ.
ನನ್ನ ತಮ್ಮ ಮನೆಯಿಂದ ಆ ಫೈಲನ್ನೂ ಮಾತ್ರೆಯ ಸ್ಟ್ರಿಪ್‌ಗಳನ್ನೂ ತಂದು ಹಾಸಿಗೆಯ ಮೇಲಿಟ್ಟ. ಮೂವತ್ತು ವರ್ಷ ಬಸ್ ಕಂಡಕ್ಟರ್. ಅವನ ಕಣ್ಣು ತಪ್ಪಿಸಿ ಯಾರೂ ಇಳಿದುಹೋದದ್ದಿಲ್ಲ. ಖಾಲಿಯಾಗಬೇಕಿದ್ದ ಸ್ಟ್ರಿಪ್‌ಗಳಲ್ಲಿ ಅರ್ಧ ಮಾತ್ರೆ ಉಳಿದಿತ್ತು.
“ಊರವರು ಮಾಡಿದ ತಪ್ಪೆಲ್ಲ ನಿನಗೆ ಬಾಯಿಪಾಠ ಅಕ್ಕಾ. ಇದನ್ನ ನೀನು ಹೇಳ್ತೀಯೋ, ನಾನು ಹೇಳ್ಲೋ?”
ನಾನೇ ಹೇಳಿದೆ, ಫೈಲಿನಿಂದ ಪತ್ರಿಕೆಯ ತುಣುಕನ್ನೂ ತೆಗೆದು ಮುಂದಿಟ್ಟೆ. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಉತ್ತರವಿತ್ತು ನನ್ನಲ್ಲಿ. ಕುರ್ಚಿ ಎಳೆದು ಕೂತು ಆ ತುಣುಕನ್ನು ಪೂರ್ತಿ ಓದಿದರು.
“ಇದರಲ್ಲಿರೋದು ಸುಳ್ಳಲ್ಲ. ನಾನೇ ಮೊದಲು ಹೇಳಬೇಕಿತ್ತು.”
ಮೂಳೆಗೆ ಬೇರೆ ಮಾತ್ರೆ ಸೇರಿಸಿದರು. ಆರಕ್ಕೆ ಆರೂ ನುಂಗಲು ಒಪ್ಪಿದೆ. ನಾನು ಮುಂದಿಟ್ಟ ಕಾಗದವನ್ನು ಕುರ್ಚಿಯಲ್ಲಿ ಕೂತವರೊಬ್ಬರು ಓದಿದ್ದು ನಲವತ್ತು ವರ್ಷದಲ್ಲಿ ಇದೇ ಮೊದಲು.

ಜೂನ್ 2, ಸಂಜೆ
ಪಂಪಿಂಗ್ ನಲವತ್ತೆಂಟು! ಮಾತ್ರೆ ಆರರಿಂದ ಎರಡಕ್ಕೆ. ಮಾತ್ರೆಯಿಂದ ಮುಖ ಊದಿಕೊಂಡಿದೆ. ಇದೊಂದು ಫೋಟೊ ಕಳಿಸಿದರೆ ನಗರಸಭೆ ಹೆದರಿ ಫುಟ್‌ಪಾತ್ ಹಾಕಿಸುತ್ತದೆ ಅಂತಾನೆ ತಮ್ಮ.
ಹದಿನೆಂಟು ಮೆಟ್ಟಿಲು ಹತ್ತಿದೆ. ನಿಲ್ಲಲಿಲ್ಲ. ಅವನು ಮಾತ್ರ ಹಿಂದಿನಿಂದ ಸ್ಟೂಲ್ ಹೊತ್ತುಕೊಂಡೇ ಬಂದ.
ದೂರಿನ ಕರಡು ಹರಿದೆ. ಹೊಸ ಹಾಳೆ, ಡಾಕ್ಟರಮ್ಮನಿಗೆ. ಇಂಥ ಪತ್ರ ಬರೆದು ರೂಢಿಯಿಲ್ಲ. ಕೈ ತಾನಾಗಿ ‘ವಿಷಾದದಿಂದ’ ಅಂತ ಶುರುಮಾಡುತ್ತದೆ. ಎರಡು ಸಲ ಹೊಡೆದುಹಾಕಿದೆ.
ಮಾನ್ಯರೇ, ಅಂದು ನೀವು ಕುರ್ಚಿ ಎಳೆದು ಕೂತಿರಿ. ಅದಕ್ಕಾಗಿ —