ಹೆಸರು ಮುಗಿಯುವ ಮೊದಲೇ ಮುಗಿದ ಉಸಿರು

ನೆರೆದ ಮಹಾಜನರೇ! ಮುಂದಿನ ಸಾಲಿನ ಧಣಿಗಳೇ, ಚಾಪೆಯ ಮೇಲಿನ ತಾಯಂದಿರೇ, ಕಂಬಕ್ಕೆ ಆತು ನಿಂತ ತಮ್ಮಂದಿರೇ! ಇಸವಿ ಎರಡು ಸಾವಿರದ ನಾನೂರ ಎಂಬತ್ತೇಳು, ನಮ್ಮ ಕಾಲದ ಲೆಕ್ಕದಲ್ಲಿ ಹದಿನಾಲ್ಕನೆಯ ತಿಂಗಳು. ಗುಳೇದಗುಡ್ಡದಿಂದ ಮಡಿವಾಳಯ್ಯ, ಶತಮಾನಗಳ ಹಿಂದಿನ ನಿಮಗೆ ಬರೆಯುವ ಕಾಗದವಿದು. ನೀವು ಕೇಳರಿಯದ ಪದಗಳು ನಡುವೆ ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಂದು ಬೆಳಿಗ್ಗೆ ನಡೆದದ್ದನ್ನು ನಿಮಗೆ ಹೇಳದೆ ನನಗೆ ನಿದ್ದೆ ಬಾರದು!

ನಿಮ್ಮ ಕಾಲದಲ್ಲಿ ಗಿರಾಕಿಯು ವೆಬ್‌ಸೈಟಿನ ಹೆಸರನ್ನು ಬೆರಳಿನಿಂದ ಒತ್ತುತ್ತಿದ್ದನಂತೆ. ನಮ್ಮಲ್ಲಿ ಬೆರಳಿಗೆ ಕೆಲಸವಿಲ್ಲ. ಊರಿಗೊಂದು ಕೂಗುಕಟ್ಟೆ, ಅದರ ಮೇಲೆ ಗಾಳಿಗಿವಿ ಎಂಬ, ಮೊರದಷ್ಟು ಅಗಲದ ತಾಮ್ರದ ಕಿವಿ. ಅಂಗಡಿಯ ಹೆಸರನ್ನು ಒಂದೇ ಉಸಿರಿಗೆ ಕೂಗಿದರೆ ಆ ಅಂಗಡಿಯೇ ಬೆಳಕಾಗಿ ಎದುರಿಗೆ ಬಂದು ನಿಲ್ಲುತ್ತದೆ. ನಡುವೆ ಉಸಿರೆಳೆದಿರೋ, ಕಿವಿ ಮುಚ್ಚಿಕೊಳ್ಳುತ್ತದೆ. ಮುಂಜಾನೆ ಅಲ್ಲಿ ಏನು ಗದ್ದಲ! ಒಬ್ಬಳು ರೊಟ್ಟಿಯಂಗಡಿಯನ್ನು ಕರೆಯುತ್ತಾಳೆ, ಇನ್ನೊಬ್ಬ ರವಿಕೆಯ ಖಣ ನೇಯುವ ಮಗ್ಗವನ್ನು ಕರೆಯುತ್ತಾನೆ, ಅಜ್ಜಂದಿರು ಮೊಮ್ಮಕ್ಕಳನ್ನು ಹೆಗಲೇರಿಸಿಕೊಂಡು ಮಿಠಾಯಿಯವನನ್ನು ಕೂಗಿಸುತ್ತಾರೆ.

ನಮ್ಮದು ನಾಟಕದ ವೇಷಭೂಷಣ ಬಾಡಿಗೆಗೆ ಕೊಡುವ ಮನೆತನ. ನಿಮ್ಮ ಕಾಲದಲ್ಲಿ ನಮ್ಮ ಹಿರಿಯಜ್ಜಿ ನಾಗಲಾಂಬಿಕೆ ಅಂಗಡಿಗೆ ಮೊದಲ ವೆಬ್‌ಸೈಟ್ ಮಾಡಿಸಿದಳು. ಹೆಸರಿಡುವ ದಿನ ಮನೆದೇವರನ್ನು ಬಿಡುವಂತಿಲ್ಲ, ಊರನ್ನು ಬಿಡುವಂತಿಲ್ಲ. ಮಾವ ರಾಚಯ್ಯನ ಹೆಸರು ಸೇರಿಸಿ ಮೈದುನ ಗಂಗಯ್ಯನದನ್ನು ಬಿಟ್ಟರೆ ಅವನು ಮದುವೆಯ ಪಂಕ್ತಿಯಿಂದ ಎದ್ದು ಹೋಗುತ್ತಾನೆ. ಅಳಿಯಂದಿರಂತೂ ಮುನಿಯಲು ಕಾದೇ ಕುಳಿತಿದ್ದರು. ಎಲ್ಲರನ್ನೂ ಸೇರಿಸಿದಳು, ಮಹಾತಾಯಿ! ಹುಟ್ಟಿತು ಹೆಸರು: ‘ಶ್ರೀ ಬನಶಂಕರಿ ಪ್ರಸನ್ನ ಗುಳೇದಗುಡ್ಡ ರಾಚಯ್ಯ ಗಂಗಯ್ಯ ಮತ್ತು ಅಳಿಯಂದಿರ ಸಮಸ್ತ ನಾಟಕ ವೇಷಭೂಷಣ ಕಿರೀಟ ಗದಾ ಭಂಡಾರ ಡಾಟ್ ಕಾಮ್’. ಆ ಡಾಟ್ ಕಾಮ್ ಯಾವ ದೇವರೋ ನಮಗೆ ತಿಳಿಯದು, ಕೈಮುಗಿದೇ ಹೇಳುತ್ತೇವೆ.

ಇಂದು ಬಾದಾಮಿ ಕಡೆಯ ನಾಟಕ ತಂಡದ ಶಿವಗಂಗವ್ವ ರಾವಣನ ಕಿರೀಟ ಬೇಕೆಂದು ಕಟ್ಟೆ ಹತ್ತಿದಳು. ‘ಅಳಿಯಂದಿರ’ವರೆಗೆ ಬಂದು ಕೆಮ್ಮಿದಳು. ಮತ್ತೆ ಕೂಗಿದಳು, ಮತ್ತೆ ಕೆಮ್ಮು.

“ಏನ್ರೀ ಮಡಿವಾಳಯ್ಯಾರ, ನಿಮ್ಮ ಅಂಗಡಿ ಹೆಸರು ಮುಗಿಯೂದ್ರಾಗ ನಮ್ಮ ರಾವಣ ಸತ್ತ ಹೋಗ್ತಾನ!” ಎಂದವಳೇ ಸೆರಗು ಕೊಡವಿ, ನನ್ನ ಎದುರಾಳಿ ಫಕೀರಪ್ಪನ ‘ಗೆಜ್ಜೆಮನೆ’ಯನ್ನು ಕೂಗಿದಳು. ತುಟಿ ಅಲುಗಿತೋ ಇಲ್ಲವೋ, ಅಂಗಡಿ ಬಂದೇಬಿಟ್ಟಿತು!

ಕಟ್ಟೆಯ ಅಧಿಕಾರಿ ನನ್ನನ್ನೇ ಮೇಲೆ ಕರೆದ. “ನೀವಾರ ಒಮ್ಮೆ ಕೂಗ್ರಿ. ನಿಮ್ಮ ಕೈಲೂ ಆಗ್ಲಿಲ್ಲಂದ್ರ ನಾಳೆ ಈ ಹೆಸರು ಅಳಸ್ತೀವಿ.”

ನಕ್ಕುಬಿಟ್ಟೆ. ನಾನು! ರಂಗದ ಮೇಲೆ ನಿಂತೇ ಕೊನೆಯ ಸಾಲಿನಲ್ಲಿ ಗೊರಕೆ ಹೊಡೆಯುವವನನ್ನು ಎಬ್ಬಿಸಿ ಕೂರಿಸುವ ಗಂಟಲಿನವನು! ಎದೆ ತುಂಬ ಗಾಳಿ ಎಳೆದು ಕೂಗಿದೆ. ಅಯ್ಯೋ ಮಹಾಜನರೇ! ‘ಗದಾ’ ಎನ್ನುವಾಗ ಕಣ್ಣು ಕತ್ತಲಿಟ್ಟಿತು. ‘ಭಂಡಾರ’ ಬಾಯಿಂದ ಹೊರಡಲೇ ಇಲ್ಲ. ತಾಮ್ರದ ಕಿವಿ ಟಪ್ಪೆಂದು ಮುಚ್ಚಿತು. ನನ್ನ ಅಂಗಡಿಯನ್ನು ನಾನೇ ಕರೆಯಲಾರದೆ, ಊರೆದುರು ಬಾಯಿ ತೆರೆದುಕೊಂಡು ನಿಂತೆ!

ಮನೆಗೆ ಬಂದು ಹೆಸರು ಮೊಟಕು ಮಾಡೋಣ ಎಂದೆ. ಸೋದರತ್ತೆ ಕಲ್ಲವ್ವ ಊಟದ ತಟ್ಟೆ ಸರಿಸಿದಳು.

“ಗಂಗಯ್ಯಜ್ಜನ ಹೆಸರು ತಗದ್ರ ಅವ್ರು ಸುಮ್ಮನಿರ್ತಾರೇನು?”

“ಅತ್ತೀ, ಅವ್ರು ಸತ್ತು ನಾನೂರು ವರ್ಷಾತು!”

“ಸಿಟ್ಟು ಇನ್ನೂ ಇಳದಿಲ್ಲೋ!”

ಕೇಳಿದಿರಾ? ಆದರೆ ಊರಿನ ಜನ ನಮ್ಮನ್ನು ಕರೆಯುವುದು ‘ಕಿರೀಟದಂಗಡಿ’ ಎಂದು. ಹುಟ್ಟಿದಾಗಿನಿಂದ ಕೇಳಿದ್ದೇನೆ, ಹೊಳೆದಿರಲಿಲ್ಲ. ಆ ಹೆಸರನ್ನು ಇನ್ನೂ ಯಾರೂ ತಮ್ಮದೆಂದು ಕೂಗಿಲ್ಲ. ಮೊದಲು ಕೂಗಿದವನಿಗೆ ಅದು. ಈ ಸಂಜೆ ಫಕೀರಪ್ಪ ಕಟ್ಟೆಯ ಸುತ್ತ ಸುಮ್ಮನೆ ಸುಳಿದಾಡುತ್ತಿದ್ದ!

ವ್ಯಾಪಾರಕ್ಕೊಂದು ವೆಬ್‌ಸೈಟ್ ಹೆಸರು ಹುಡುಕುತ್ತ ಕುಳಿತವರೇ, ನಿಮ್ಮಲ್ಲಿ ಬೇಡುತ್ತೇನೆ. ಅದನ್ನು ಮನೆಯವರ ಮುಂದಿಡಬೇಡಿ. ಬೀದಿಗಿಳಿದು ಗುರುತಿಲ್ಲದವರಿಗೆ ಒಮ್ಮೆ ಹೇಳಿ. ಅವರು ತಡವರಿಸದೆ ತಿರುಗಿ ಹೇಳಿದರೆ ಅದನ್ನೇ ಇಡಿ. ಜನ ಆಗಲೇ ನಿಮ್ಮನ್ನು ಏನೆಂದು ಕರೆಯುತ್ತಾರೆ, ಕಿವಿಗೊಟ್ಟು ಕೇಳಿ. ಮುನಿದ ಅಳಿಯನಿಗೆ ಇನ್ನೊಂದು ಹೋಳಿಗೆ ಬಡಿಸಿ, ಹೆಸರಿನಲ್ಲಿ ಜಾಗ ಕೊಡಬೇಡಿ. ನಾಗಲಾಂಬಿಕೆ ನಿಮ್ಮ ನಡುವೆ ಕಂಡರೆ, ದಮ್ಮಯ್ಯ, ಆಕೆಯ ಕೈ ಹಿಡಿದು ನಿಲ್ಲಿಸಿ!

ನಾಳೆ ಕಟ್ಟೆ ತೆರೆಯುವ ಮೊದಲೇ ರಾವಣನ ಕಿರೀಟ ತೊಟ್ಟು ಮೆಟ್ಟಿಲ ಬಳಿ ನಿಂತಿರುತ್ತೇನೆ. ಬಾಗಿಲು ತೆರೆದೊಡನೆ ಮೇಲೇರಿ, ಬನಶಂಕರಿಗೆ ಕೈಮುಗಿದು, ಗಂಗಯ್ಯಜ್ಜನಿಗೆ ಮನಸ್ಸಿನಲ್ಲೇ ಅಡ್ಡಬಿದ್ದು, ಒಂದೇ ಮಾತು ಕೂಗುತ್ತೇನೆ. ಕೆಳಗಿನಿಂದ ಕಲ್ಲವ್ವತ್ತೆ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಕಿರೀಟದಂಗಡಿ ಬಂದು ನಿಂತಿರುತ್ತದೆ!