ಹಸಿ ಬಣ್ಣ

ಜೂನ್ 4, ಬುಧವಾರ

ಮಿಷನ್ ಬೆಲ್ಟ್ ಮತ್ತೆ ಜಾರುತ್ತಿದೆ. ಎರಡು ಬ್ಲೌಸ್ ಬಾಕಿ. ಅಪ್ಪ ಹೂಟಗಳ್ಳಿಯ ಅಕ್ಕನ ಮನೆಯಿಂದ ಬಂದ. ಬಂದವನೇ ಕೋಲು ಹುಡುಕಿದ — ಸೇತುವೆ ದಾಟಿ ಚಾಮಯ್ಯನ ಹೋಟೆಲಿಗೆ ಟೀ ಕುಡಿಯಲು ಹೋಗಬೇಕಂತೆ. ರೈಲು ಹಳಿಯ ಮೇಲಿನ ಆ ಹಳೇ ಕಬ್ಬಿಣದ ಸೇತುವೆಯನ್ನು ಅವನಿಲ್ಲದ ವಾರದಲ್ಲೇ ಕತ್ತರಿಸಿ ಲಾರಿಗೆ ತುಂಬಿಬಿಟ್ಟರು. ರೈಲ್ವೆ ಸರ್ವೀಸು ಪೂರ್ತಿ ಅದಕ್ಕೆ ಬಣ್ಣ ಹೊಡೆದವನಿಗೆ ಯಾವ ಬಾಯಿಂದ ಹೇಳಲಿ? ಅವನ ಕಣ್ಣಿಗೆ ಬರೀ ಮಂಜು. ಸೋಮವಾರ ಪೊರೆ ಆಪರೇಷನ್. ಬಿಪಿ ಏರಿದರೆ ಮಾಡುವುದಿಲ್ಲ ಎಂದಿದ್ದಾರೆ ಡಾಕ್ಟರ್. ಬಾಯಿಗೆ ಬಂದದ್ದು ಹೇಳಿದೆ.

"ಬಣ್ಣ ಹೊಡೀತಾವ್ರೆ ಕಣಪ್ಪ. ಇನ್ನೂ ಹಸಿ. ಯಾರ್ನೂ ಬುಡ್ತಿಲ್ಲ."

ಅವನ ಮುಖ ಅರಳಿತು. ನನಗೆ ಸಂಕಟ.

ಜೂನ್ 5, ಗುರುವಾರ

ಊಟದ ಹೊತ್ತಿಗೆ ಸೇತುವೆಯದೇ ಪುರಾಣ. ಬಣ್ಣ ಹಸಿ ಇದ್ದಾಗ ಅವನ ಪೇಂಟಿಂಗ್ ಗ್ಯಾಂಗಿನವರು ಚಪ್ಪಲಿಯನ್ನು ಮೊದಲ ಮೆಟ್ಟಿಲ ಬಳಿ ಜೋಡಿಸಿಟ್ಟು ಬರಿಗಾಲಲ್ಲಿ ಹತ್ತುತ್ತಿದ್ದರಂತೆ. ಚಪ್ಪಲಿಯಾದರೆ ಜಾರುತ್ತದೆ, ಬಣ್ಣವೂ ಹಾಳು. ಅಮ್ಮನನ್ನು ಮೊದಲು ಕಂಡದ್ದೂ ಅಲ್ಲೇ. ಚಪ್ಪಲಿ ಹಾಕಿಕೊಂಡೇ ಹತ್ತಿದಳೆಂದು ಬೈದನಂತೆ.

"ನಿಮ್ಮವ್ವ ತಿರುಗಿ ನೋಡಿದ್ಲು ನೋಡು. ಅಲ್ಲಿಗೆ ಮುಗೀತು ನನ್ ಕತೆ."

ಅಮ್ಮ ಹೋದ ಮೇಲೆ ಇಷ್ಟು ನಕ್ಕಿರಲಿಲ್ಲ ಅವನು.

ಸಂಜೆ — ಹಾಲು ತರುವಾಗ ಆ ಕಡೆ ಸುತ್ತಿ ಬಂದೆ. ಹಳಿಯ ಮೇಲಿನ ನಡುಭಾಗ ಮಾತ್ರ ಹೋಗಿದೆ. ಎರಡೂ ಬದಿಯ ಮೆಟ್ಟಿಲು ಹಾಗೇ ನಿಂತಿವೆ. ನಮ್ಮ ಕಡೆಯ ಮೆಟ್ಟಿಲ ಮೇಲ್ತುದಿಯಲ್ಲಿ ಒಂದು ತಗಡು ಅಡ್ಡ ಕಟ್ಟಿದ್ದಾರೆ. ತಂತಿ ಸಡಿಲ. ಅದರ ಎದುರು ಮನೆಯ ಚೆಲುವಮ್ಮ ಅಂದರು, "ಗಾಳಿ ಬಂದ್ರೆ ಸಾಕು, ಬಡ್ಕೊಳ್ತದೆ ಕಣವ್ವ. ಮೇಲೆ ಯಾರೋ ನಡ್ದಂಗೆ."

ಬೇಗ ಬೇಗ ಮನೆಗೆ ಬಂದೆ.

ಜೂನ್ 7, ಶನಿವಾರ

ನಿನ್ನೆ ಬರೆಯಲಾಗಲಿಲ್ಲ. ಅಪ್ಪ ಬೀದಿ ತಿರುವಿನ ತನಕ ಹೋಗಿಬಿಟ್ಟಿದ್ದ. ಇನ್ನೂ ಒಣಗಲಿಲ್ಲವಾ ಎಂದು ಕೇಳಿದ. ಎರಡನೇ ಕೋಟು ಅಂದೆ. ಸುಳ್ಳಿಗೆ ಸುಳ್ಳು ಜೋಡಿಸುವುದರಲ್ಲಿ ನಾನೀಗ ಪಳಗಿದ್ದೇನೆ.

"ಮೊದಲ್ನೇದು ಒಣಗೋಕ್ ಮುಂಚೆ ಎರಡ್ನೇದಾ? ಯಾವನವ್ನು ಕಂಟ್ರಾಕ್ಟ್ರು? ನಾನೇ ಒಂದ್ಸಲ ಮುಟ್ ನೋಡ್ಬೇಕು."

ನನ್ನ ಗಂಡ ಪ್ರಸನ್ನನದು ಒಂದೇ ಮಾತು — "ನಿಜ ಹೇಳ್ಬುಡು ಮಿತ್ರಾ." ಆಪರೇಷನ್ ಆಗಲಿ ಅಂದೆ. ಕಣ್ಣು ಕಾಣುವಂತಾದ ಮೇಲೆ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತೇನೆ. ಅಳಬೇಕಾದರೆ ಜೊತೆಗೇ ಅಳೋಣ.

ಗೇಟಿಗೆ ಹಗಲೂ ಬೀಗ ಹಾಕುತ್ತಿದ್ದೇನೆ.

ಜೂನ್ 8, ಭಾನುವಾರ, ಬೆಳಿಗ್ಗೆ

ನೀರು ಬಂತೆಂದು ಬೀಗ ತೆಗೆದು ಬೀದಿ ನಲ್ಲಿಗೆ ಹೋದೆ. ಬಿಂದಿಗೆ ತುಂಬಿಸಿ ಬಂದರೆ ಅಪ್ಪನ ಕುರ್ಚಿ ಖಾಲಿ. ಕೋಲೂ ಇಲ್ಲ. ಪ್ರಸನ್ನ ಬೈಕ್ ತೆಗೆದ. ಅಪ್ಪ ವಾಪಸ್ ಬಂದರೆ ಮನೆಯಲ್ಲಿ ಯಾರಾದರೂ ಬೇಕಲ್ಲ, ನೀನಿಲ್ಲೇ ಇರು ಅಂದ. ಸುಮ್ಮನೆ ಕೂರಲಾಗುತ್ತಿಲ್ಲ, ಬರೆಯುತ್ತಿದ್ದೇನೆ. ಪಾರ್ಕಿಗೆ ಹೋಗಿರಬಹುದು. ಭಾನುವಾರ ಅಲ್ಲಿ ಯಾರಾದರೂ ಮಾತಿಗೆ ಸಿಗುತ್ತಾರೆ...

ಪ್ರಸನ್ನನ ಫೋನ್ ಬಂತು.

"ಮಿತ್ರಾ, ತಗಡು ಸರಿದೈತೆ. ಮಾವ ಕಾಣ್ತಿಲ್ಲ. ಹಳಿ ಕಡೆ ಇಳ್ದು ನೋಡ್ತೀನಿ." ಆಮೇಲೆ ಅಂದ, "ಮೊದಲ್ನೇ ಮೆಟ್ಲತ್ರ ಅವ್ರ ಚಪ್ಲಿ ಅವೆ. ಜೋಡ್ಸಿಟ್ಟವ್ರೆ."

ಹಸಿ ಎಂದವಳು ನಾನು. ನನ್ನ ಮಾತು ನಂಬಿ ಚಪ್ಪಲಿ ಬಿಟ್ಟು ಹತ್ತಿದ್ದಾನೆ.

ಗೇಟಿನ ಸದ್ದು. ಚೆಲುವಮ್ಮ. ಕೈಯಲ್ಲಿ ಅಪ್ಪನ ಕೋಲು. ಒಬ್ಬರೇ —